ಯಾರ ಪೈಕಿ ಆದ್ರಿ?

ಊರಿಗೊಬ್ಬ ಗೌಡ, ಊರಿಗೊಬ್ಬ ಬಡಿಗ. ಅದಕ್ಕೇ ಪಾಟೀಲರೂ ಬಡಿಗೇರರೂ ಎಲ್ಲ ಕಡೆ ಸಿಗುತ್ತಾರೆ. ತೋಪು ಇದ್ದದ್ದು ಕೋಟೆಯಲ್ಲಿ ಮಾತ್ರ. ಅದಕ್ಕೇ ಗೋಲಂದಾಜರನ್ನು ಹುಡುಕಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಅಡ್ಡಹೆಸರುಗಳು ಹುಟ್ಟಿದ್ದು ಹೇಗೆ, ಕೆಲವು ಹಬ್ಬಿದ್ದು ಯಾಕೆ, ಕೆಲವು ವಿರಳವಾದದ್ದು ಯಾಕೆ?

ಜೂನ್ ತಿಂಗಳು. ಶಾಲೆ ಆಗತಾನೇ ಸುರುವಾಗಿದೆ. ಸಿಂದಗಿ ಕಡೆಯ ಯಾವ ಹೈಸ್ಕೂಲಿನ ಬಾಗಿಲಲ್ಲಿ ನಿಂತರೂ ಹಾಜರಿ ಕೂಗುವ ದನಿ ಹೀಗೇ ಕೇಳುತ್ತದೆ: ಬಡಿಗೇರ, ಬಿರಾದಾರ, ಮತ್ತೊಬ್ಬ ಬಿರಾದಾರ, ಚಲವಾದಿ, ಹಡಪದ, ಹಿರೇಮಠ, ಕುಂಬಾರ, ಮುಲ್ಲಾ, ಪಾಟೀಲ, ರಾಠೋಡ, ತಳವಾರ, ವಾಲೀಕಾರ.

ಕೂಗಿದ್ದು ಒಂದು ತರಗತಿಯ ಮಕ್ಕಳನ್ನು. ಓಗೊಟ್ಟದ್ದು ಒಂದು ಹಳೆಯ ಊರು. ಮರಗೆಲಸದವರು, ಮಡಕೆ ಮಾಡುವವರು, ಮಠದವರು, ಮಸೀದಿಯವರು, ಊರ ಗೌಡಿಕೆಯವರು, ಕಾವಲಿನವರು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಆ ಕಸುಬನ್ನು ಇಂದಿಗೂ ಮಾಡುವ ಮನೆಗಳು ಕಡಿಮೆ. ಹೆಸರು ಮಾತ್ರ ಹಾಜರಿ ಪುಸ್ತಕದಿಂದ ಹಾಲ್‌ಟಿಕೆಟ್‌ಗೆ, ಅಲ್ಲಿಂದ ಆಧಾರ್ ಕಾರ್ಡಿಗೆ ಸಾಗುತ್ತಲೇ ಇದೆ.

ಈ ಸೀಮೆಯಲ್ಲಿ ಅದಕ್ಕೆ ಅಡ್ಡಹೆಸರು ಎನ್ನುತ್ತಾರೆ. ಮೈಸೂರು ಕಡೆ ಊರೂ ತಂದೆಯೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ನಿಂತರೆ, ವಿಜಯಪುರ ಕಡೆ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ. 1956ರವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೂರು ಹೆಸರಿನ ಈ ಪದ್ಧತಿ ಮರಾಠಿ, ಗುಜರಾತಿ ಸೀಮೆಗಳಲ್ಲೂ ಒಂದೇ.

ಅಪರಿಚಿತರು ಬಸ್‌ಸ್ಟ್ಯಾಂಡಿನಲ್ಲಿ ಜೊತೆಗೆ ಕೂತರೆ ಮೊದಲು ಕೇಳುವುದು ಊರು. ಆಮೇಲೆ, "ಯಾರ ಪೈಕಿ ಆದ್ರಿ?" ಅಡ್ಡಹೆಸರು ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರವಾಗಿ. ಮನೆತನಗಳು ತಮಗೆ ತಾವೇ ಹೆಸರು ಇಟ್ಟುಕೊಂಡದ್ದು ಅಪರೂಪ. ಸುತ್ತಲಿನವರು ಕರೆದರು, ಕುಲಕರ್ಣಿ ಬರೆದುಕೊಂಡ, ಸರ್ಕಾರ ಮುದ್ರೆ ಒತ್ತಿತು.

ಕಸುಬು ಮುಂದೆ, ಹೆಸರು ಹಿಂದೆ

ಕಸುಬಿನಿಂದ ಮನುಷ್ಯನನ್ನು ಗುರುತಿಸುವ ರೂಢಿ ಈ ನೆಲದಲ್ಲಿ ಹನ್ನೆರಡನೆಯ ಶತಮಾನದಷ್ಟಾದರೂ ಹಳೆಯದು. ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲಿದೆ. ಮಡಿವಾಳ ಮಾಚಯ್ಯನ ಊರು ದೇವರ ಹಿಪ್ಪರಗಿ, ಮೊನ್ನೆಮೊನ್ನೆಯವರೆಗೂ ಸಿಂದಗಿ ತಾಲ್ಲೂಕಿನದು. ಹಡಪದ ಅಪ್ಪಣ್ಣನ ಹೆಸರಿನ ಪೀಠ ಮುದ್ದೇಬಿಹಾಳ ಬಳಿಯ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲಿದೆ.

ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ. ಎಲ್ಲದರಲ್ಲೂ ಕಸುಬು ಮೊದಲು, ಹೆಸರು ಆಮೇಲೆ. ಶರಣರು ತಮ್ಮ ಕಾಯಕವನ್ನು ಮುಚ್ಚಿಡದೆ ಹೆಸರಿನ ಮುಂದೆಯೇ ಹೊತ್ತರು. ಎಂಟುನೂರು ವರ್ಷದ ಮೇಲೆ ಅದೇ ಹಡಪದ, ಅದೇ ಮಡಿವಾಳ, ಅದೇ ಅಂಬಿಗೇರ ಈ ನಾಲ್ಕು ತಾಲ್ಲೂಕುಗಳ ಪಡಿತರ ಚೀಟಿಗಳಲ್ಲಿದ್ದಾರೆ. ಜಾಗ ಮಾತ್ರ ಬದಲಾಗಿ ಹೆಸರಿನ ಹಿಂದಕ್ಕೆ ಸರಿದಿದೆ.

ಊರ ಆಡಳಿತದ ಹೆಸರುಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. ಕನ್ನಡ ಶಾಸನಗಳಲ್ಲಿ ಊರನ್ನು ನಡೆಸುವವನು ಗಾವುಂಡ, ನಾಡನ್ನು ನೋಡಿಕೊಳ್ಳುವವನು ನಾಳ್ಗಾವುಂಡ, ಲೆಕ್ಕ ಬರೆಯುವವನು ಸೇನಬೋವ. ಗಾವುಂಡ ಗೌಡನಾದ, ನಾಳ್ಗಾವುಂಡ ನಾಡಗೌಡನಾದ. ಸೇನಬೋವ ಮೈಸೂರು ಕಡೆ ಶಾನುಭೋಗನಾಗಿ ಉಳಿದ. ಈ ಕಡೆ ಅವನ ಜಾಗಕ್ಕೆ ಕುಲಕರ್ಣಿ ಬಂದ.

ಆದಿಲ್‌ಶಾಹಿಗಳ ಕಾಲಕ್ಕೆ ಹುದ್ದೆಗಳ ಮೇಲೆ ಪರ್ಶಿಯನ್ ಬಾಲ ಸೇರಿತು. ಇನಾಮ್ದಾರ, ಜಹಗೀರದಾರ, ಕಿಲ್ಲೇದಾರ, ಜಮಾದಾರ, ಹವಾಲ್ದಾರ ಎಲ್ಲ ಹೀಗೆ ಬಂದವು. 1686ರಲ್ಲಿ ಔರಂಗಜೇಬನ ಕೈಗೆ ವಿಜಯಪುರ ಬಿದ್ದು ರಾಜ್ಯ ಮುಗಿಯಿತು. ಹುದ್ದೆಯ ಹೆಸರುಗಳು ಮಾತ್ರ ಮನೆಮನೆಯಲ್ಲಿ ಉಳಿದವು. ಮುಂದೆ ಪೇಶ್ವೆಯವರ ಆಡಳಿತದಲ್ಲಿ ದಫ್ತರವೆಲ್ಲ ಮೋಡಿ ಲಿಪಿಯ ಮರಾಠಿಯಲ್ಲಿ ನಡೆದು ಪಾಟೀಲ, ದೇಶಮುಖ, ದೇಶಪಾಂಡೆ ಗಟ್ಟಿಯಾಗಿ ಬೇರೂರಿದವು.

ಹೀಗೆ ಬಾಯಿಯ ಭಾಷೆ ಒಂದಾಗಿ, ಕಾಗದದ ಭಾಷೆ ಇನ್ನೊಂದಾಗಿ, ಒಂದೇ ಮನೆತನಕ್ಕೆ ಎರಡು ಹೆಸರು ಬಂತು. ಓಣಿಯಲ್ಲಿ "ಗೌಡ್ರ ಮನಿ" ಎನ್ನುತ್ತಾರೆ. ಉತಾರದಲ್ಲಿ ಬರೆಯುವುದು ಪಾಟೀಲ. ಬಸನಗೌಡ ಪಾಟೀಲ ಎಂಬ ಹೆಸರಿನಲ್ಲಿ ಒಂದೇ ಹುದ್ದೆ ಎರಡು ಸಲ ಇದೆ, ಮೊದಲು ಕನ್ನಡದಲ್ಲಿ, ಆಮೇಲೆ ದಫ್ತರದ ಮಾತಿನಲ್ಲಿ. ಅಷ್ಟಾದರೂ ಗುರುತು ಸಾಲುವುದಿಲ್ಲ. ಪ್ರತಿ ಹಳ್ಳಿಗೂ ಒಂದು ಪಾಟೀಲಕಿ ಇದ್ದಮೇಲೆ ಯಾವ ಊರಿನ ಪಾಟೀಲ? ಅದಕ್ಕೇ ವಿಜಯಪುರದ ಶಾಸಕ ಬಸನಗೌಡ ಪಾಟೀಲರಿಗೆ ಯತ್ನಾಳ ಅಂಟಿಕೊಂಡಿತು, ಮುದ್ದೇಬಿಹಾಳದ ಮಾಜಿ ಶಾಸಕ ಎ.ಎಸ್. ಪಾಟೀಲರಿಗೆ ನಡಹಳ್ಳಿ. ಜನ ಅವರನ್ನು ಕರೆಯುವುದು ಯತ್ನಾಳರು, ನಡಹಳ್ಳಿಯವರು ಎಂದೇ. ಹಳೆಯ ಅಡ್ಡಹೆಸರು ಗುರುತಿಸುವ ಶಕ್ತಿ ಕಳೆದುಕೊಂಡಾಗ ಹೊಸದು ಹುಟ್ಟುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಬಾಕ್ಸ್ | ಮತಪೆಟ್ಟಿಗೆಯಲ್ಲಿ ಮೂರು ಹುದ್ದೆ
ಮುದ್ದೇಬಿಹಾಳ ಕ್ಷೇತ್ರದ ಚುನಾವಣೆಯಲ್ಲಿ ದಶಕಗಳಿಂದ ಕೇಳಿಬಂದ ಹೆಸರುಗಳು ದೇಶಮುಖ, ನಾಡಗೌಡ, ಪಾಟೀಲ. 2018ರಲ್ಲಿ ಗೆದ್ದವರು ಪಾಟೀಲ, 2023ರಲ್ಲಿ ನಾಡಗೌಡ. ಮೂರೂ ಹಳೆಯ ಕಂದಾಯ ಆಡಳಿತದ ಹುದ್ದೆಗಳೇ. ಪಕ್ಕದ ಸಿಂದಗಿಯಲ್ಲಿ ಪೈಪೋಟಿ ನಡೆದದ್ದು ಮನಗೂಳಿ ಮತ್ತು ಭೂಸನೂರ ಎಂಬ ಎರಡು ಊರ ಹೆಸರುಗಳ ನಡುವೆ. ಮುದ್ದೇಬಿಹಾಳ ಪಟ್ಟಣಕ್ಕೂ ನಾಡಗೌಡಿಕೆಗೂ ಹಳೆಯ ನಂಟಿದೆ. ಸುಮಾರು 1680ರಲ್ಲಿ ಊರು ಕಟ್ಟಿಸಿದವನು ಬಸರಕೋಡ ನಾಡಗೌಡ ಮನೆತನದ ಪೂರ್ವಜ ಪರಮಣ್ಣ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆಯುತ್ತದೆ.

ಕಾಗದ ಹೆಸರನ್ನು ಕಟ್ಟಿಹಾಕಿತು

ಬಾಯಿಮಾತಿನ ಹೆಸರು ಬದಲಾಗುತ್ತಲೇ ಇರುತ್ತದೆ. ಅಜ್ಜ ಎಣ್ಣೆಗಾಣ ನಡೆಸಿದರೆ ಗಾಣಿಗೇರ, ಮೊಮ್ಮಗ ಅಕ್ಕಿ ಮಾರಿದರೆ ಅಕ್ಕಿ. ಈ ಹರಿವು ನಿಂತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಭೂಮಾಪನ ಬಂತು, ಹೊಲಕ್ಕೆ ಸರ್ವೆ ನಂಬರ್ ಬಂತು, ಖಾತೆದಾರನಿಗೆ ಖಾಯಂ ಹೆಸರು ಬೇಕಾಯಿತು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ, ಜನರ ಬಾಯಲ್ಲಿ ವತನ ಕಾಯ್ದೆ, ಈ ಕೆಲಸವನ್ನು ಇನ್ನಷ್ಟು ಗಟ್ಟಿಮಾಡಿತು. ಯಾವ ಮನೆತನಕ್ಕೆ ಯಾವ ವತನ, ಅದರ ಹಕ್ಕುದಾರ ಯಾರು ಎಂಬುದೆಲ್ಲ ದಾಖಲೆಯಾಗಬೇಕಿತ್ತು. ತಳವಾರನಿಗೂ ವಾಲೀಕಾರನಿಗೂ ಹೊಲವಿತ್ತು. ಆ ಹೊಲ ಹುದ್ದೆಗೆ ಕಟ್ಟಿದ್ದು. ಹುದ್ದೆಯ ಹೆಸರು ಬಿಟ್ಟರೆ ಹೊಲವೂ ಹೋದೀತು. ಇಷ್ಟು ಬೆಲೆಬಾಳುವ ಹೆಸರನ್ನು ಯಾರು ಬಿಟ್ಟಾರು?

ಗಂಡುಮಕ್ಕಳಿಲ್ಲದ ವತನದಾರರು ದತ್ತಕ ತೆಗೆದುಕೊಂಡದ್ದಕ್ಕೂ ಇದೊಂದು ಕಾರಣ. ದತ್ತಕ ಹೋದ ಹುಡುಗ ಹುಟ್ಟಿದ ಮನೆಯ ಹೆಸರು ಬಿಟ್ಟು ಹೋದ ಮನೆಯ ಹೆಸರು ಹೊತ್ತ. ರಕ್ತ ಬೇರೆ, ಹೆಸರು ಅದೇ. ಅಡ್ಡಹೆಸರು ಒಂದೇ ಆದವರೆಲ್ಲ ಒಂದೇ ಬಳ್ಳಿಯವರು ಎಂಬ ನಂಬಿಕೆಗೆ ಇಲ್ಲಿ ಆಧಾರ ಕಡಿಮೆ. ಇಂಡಿಯ ಕುಂಬಾರರಿಗೂ ಬಾಗೇವಾಡಿಯ ಕುಂಬಾರರಿಗೂ ಮೂಲಪುರುಷ ಒಬ್ಬನೇ ಇರಬೇಕೆಂದಿಲ್ಲ. ಇಬ್ಬರ ಹಿರಿಯರೂ ತಿಗರಿ ತಿರುಗಿಸಿದರು, ಅಷ್ಟೇ.

1950ರ ಕಾಯ್ದೆ ಪರಗಣ ಮತ್ತು ಕುಲಕರ್ಣಿ ವತನಗಳನ್ನು ತೆಗೆಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಉಳಿದವನ್ನೂ ತೆಗೆಯಿತು. ಹುದ್ದೆ ಹೋಯಿತು. ಅಷ್ಟರಲ್ಲಿ ಹೆಸರು ಶಾಲೆಯ ದಾಖಲೆಗೆ ಏರಿ ಆಗಿತ್ತು.

ತಾಂಡಾಗಳ ಕತೆ ಬೇರೆ. ರಾಠೋಡ, ಚವ್ಹಾಣ, ಪವಾರ, ಜಾಧವ ಎಂಬುವು ಲಂಬಾಣಿಗಳ ಕುಲದ ಹೆಸರುಗಳು. ರಾಠೋಡರು ರಾಠೋಡರಲ್ಲಿ ಹೆಣ್ಣು ತರುವುದಿಲ್ಲ. ಇಲ್ಲಿ ಹೆಸರೆಂದರೆ ನಿಜಕ್ಕೂ ವಂಶ.

ಸಿಂದಗಿಯಲ್ಲಿಲ್ಲದ ಸಿಂದಗಿಯವರು

ಊರಿನಿಂದ ಬಂದ ಅಡ್ಡಹೆಸರುಗಳಲ್ಲಿ ಒಂದು ಸೂತ್ರವಿದೆ. ಆ ಹೆಸರಿನವರನ್ನು ಆ ಊರಲ್ಲಿ ಹುಡುಕಬಾರದು. ಸಿಂದಗಿಯಲ್ಲಿ ಎಲ್ಲರೂ ಸಿಂದಗಿಯವರೇ ಆದಮೇಲೆ ಒಬ್ಬನನ್ನು ಸಿಂದಗಿ ಎಂದು ಕರೆದು ಏನು ಪ್ರಯೋಜನ? ಅವನು ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗಿ ಅಂಗಡಿ ಇಟ್ಟ ದಿನ ಅಲ್ಲಿನವರಿಗೆ ಅವನು ಸಿಂದಗಿಯಾಗುತ್ತಾನೆ. ಹೀಗಾಗಿ ಊರ ಹೆಸರಿನ ಅಡ್ಡಹೆಸರೆಂದರೆ ಒಂದು ವಲಸೆಯ ದಾಖಲೆ. ಹೊಟ್ಟೆಪಾಡಿಗೋ ಬರಗಾಲಕ್ಕೋ ಮದುವೆಯ ನಂಟಿಗೋ ಯಾರೋ ಒಬ್ಬರು ಒಂದು ದಿನ ಊರು ಬಿಟ್ಟಿದ್ದಾರೆ.

ಸಿಂದಗಿ ತಾಲ್ಲೂಕಿನ ಯರಗಲ್ಲದಲ್ಲಿ 1938ರಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹೆಸರಿನಲ್ಲಿರುವುದು ಇನ್ನೊಂದು ಜಿಲ್ಲೆಯ ಊರು. ಹೆಸರುಗಳ ಈ ಶಾಸ್ತ್ರಕ್ಕೆ 'ಕನ್ನಡ ನಾಮವಿಜ್ಞಾನ' ಎಂಬ ಪುಸ್ತಕವನ್ನೇ ಬರೆದವರು ಅವರು. ಸಿಂದಗಿಯಿಂದ ಶಾಸಕರಾಗಿ ಮಂತ್ರಿಯಾದ ಎಂ.ಸಿ. ಮನಗೂಳಿಯವರ ಹೆಸರಿನ ಊರು ಇರುವುದು ಬಸವನ ಬಾಗೇವಾಡಿ ಕಡೆ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಹೆಸರಿನಲ್ಲಿ ಗೋಕಾಕವಿದೆ. ಇಂಡಿ ಸೀಮೆಯ ಹಲಸಂಗಿಯಲ್ಲಿ ಗೆಳೆಯರ ಗುಂಪು ಕಟ್ಟಿ ಜನಪದ ಹಾಡುಗಳನ್ನು ಕೂಡಿಸಿದ ಕವಿ ಮಧುರಚೆನ್ನರ ಅಡ್ಡಹೆಸರು ಗಲಗಲಿ. ಆ ಊರು ಎಷ್ಟೋ ದಕ್ಷಿಣಕ್ಕೆ, ಬೀಳಗಿ ಕಡೆಯ ಕೃಷ್ಣಾ ತೀರದಲ್ಲಿದೆ. ಅದೇ ಗುಂಪಿನ ಸಿಂಪಿ ಲಿಂಗಣ್ಣನವರ ಸಿಂಪಿ ಮಾತ್ರ ಬಟ್ಟೆ ಹೊಲಿಯುವ ಕಸುಬಿನದು.

ಮರಾಠಿಯಲ್ಲಿ ಊರ ಹೆಸರಿಗೆ ಕರ ಸೇರಿ ಸೊಲ್ಲಾಪುರಕರ ಆಗುತ್ತದೆ. ಜರ್ಮನಿಯಲ್ಲಿ ಎರ್ ಸೇರಿಸುತ್ತಾರೆ. ಕನ್ನಡದಲ್ಲಿ ಏನೂ ಸೇರಿಸಬೇಕಿಲ್ಲ. ಇಂಡಿ, ತಾಂಬಾ, ಆಲಮೇಲ, ನಾಲತವಾಡ, ತಾಳಿಕೋಟಿ, ನಿಡಗುಂದಿ ಇದ್ದ ಹಾಗೇ ಮನುಷ್ಯರ ಹೆಸರಾಗುತ್ತವೆ.

ಇದರಿಂದ ಮೋಸಹೋಗುವುದೂ ಉಂಟು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಸಕ್ಕರಿ, ಉಪ್ಪಿನ ಎಂಬ ಅಡ್ಡಹೆಸರುಗಳು ಸಂತೆಯ ಸರಕಿನಿಂದ ಬಂದವು ಎನ್ನುವುದು ಸರಿ. ಬಳ್ಳೊಳ್ಳಿ ಎಂಬುದನ್ನೂ ಅದೇ ಸಾಲಿಗೆ ಸೇರಿಸುವ ಮುನ್ನ ತಡೆಯಬೇಕು. ಇಂಡಿ ತಾಲ್ಲೂಕಿನಲ್ಲಿ ಬಳ್ಳೊಳ್ಳಿ ಎಂಬ ಊರೇ ಇದೆ. ಆ ಹೆಸರಿನ ಮನೆತನ ಬೆಳ್ಳುಳ್ಳಿ ಮಾರಿದ್ದೋ ಆ ಊರಿಂದ ಬಂದದ್ದೋ, ಮನೆಯ ಹಿರಿಯರನ್ನು ಕೇಳದೆ ತೀರ್ಮಾನಿಸುವಂತಿಲ್ಲ. ಹೆಸರಿನ ಅರ್ಥ ತಿಳಿಯಿತೆಂದರೆ ಮೂಲ ತಿಳಿಯಿತು ಎಂದಾಗುವುದಿಲ್ಲ.

ಬಾಕ್ಸ್ | ಕಿಟೆಲ್ ಎಂದರೆ ಅಂಗಿ
ಕನ್ನಡಿಗರು ದಿನನಿತ್ಯ ನೆನೆಯುವ ಜರ್ಮನ್ ಅಡ್ಡಹೆಸರು ಕಿಟೆಲ್. ಕೆಲಸದ ವೇಳೆ ತೊಡುವ ಸಡಿಲ ಮೇಲಂಗಿಗೆ ಜರ್ಮನ್‌ನಲ್ಲಿ ಕಿಟೆಲ್ ಎನ್ನುತ್ತಾರೆ. ಅದನ್ನು ಹೊಲಿಯುವವರಿಗೆ ಅಥವಾ ತೊಡುವವರಿಗೆ ಬಂದ ಹೆಸರದು. 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆಯಲ್ಲಿ. ಆ ಸೀಮೆಯಲ್ಲಿ ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುವ ರೂಢಿ ಬಲವಾಗಿತ್ತು. ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಿ ಎಂದು 1811ರಲ್ಲಿ ನೆಪೋಲಿಯನ್ ಹುಕುಂ ಹೊರಡಿಸಬೇಕಾಯಿತು.

ಯಾಕೆ ಕೆಲವು ವಿರಳ?

ಜರ್ಮನಿಯ ಅತಿ ಸಾಮಾನ್ಯ ಅಡ್ಡಹೆಸರು ಮ್ಯುಲ್ಲರ್, ಹಿಟ್ಟು ಬೀಸುವವನು. ಅದರ ಹಿಂದೆಯೇ ಬರುವುದು ಕಮ್ಮಾರಿಕೆಯ ಶ್ಮಿಟ್, ಹೊಲಿಗೆಯ ಶ್ನೈಡರ್. ಪ್ರತಿ ಹಳ್ಳಿಗೂ ಬೀಸುವ ಗಿರಣಿ ಬೇಕು, ಕುಲುಮೆ ಬೇಕು, ದರ್ಜಿ ಬೇಕು. ಹಾಗಾಗಿ ಆ ಹೆಸರು ಒಂದೇ ಸಲ ಸಾವಿರ ಕಡೆ ಹುಟ್ಟಿತು. ಇಲ್ಲಿನ ಬಡಿಗೇರ, ಕಂಬಾರ, ಪಾಟೀಲ, ತಳವಾರರ ಲೆಕ್ಕವೂ ಇದೇ. ಒಂದು ಹೆಸರು ಎಷ್ಟು ಕಡೆ ಹುಟ್ಟಲು ಸಾಧ್ಯವಿತ್ತು ಎಂಬುದೇ ಅದು ಎಷ್ಟು ಹಬ್ಬುತ್ತದೆ ಎಂಬುದನ್ನು ಮೊದಲು ನಿರ್ಧರಿಸುತ್ತದೆ.

ಗೋಲಂದಾಜ ಎಂದರೆ ತೋಪು ಹಾರಿಸುವವನು. ವಿಜಯಪುರದ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಅಂಥ ತೋಪುಗಳು ಇದ್ದದ್ದು ಕೋಟೆಗಳಲ್ಲಿ ಮಾತ್ರ, ಅವನ್ನು ನಡೆಸಬಲ್ಲ ಕೈಗಳೂ ಅಲ್ಲಿಯೇ. ಸಾಮಾನ್ಯ ಹಳ್ಳಿಯಲ್ಲಿ ಗೋಲಂದಾಜ ಹುಟ್ಟಲು ದಾರಿಯೇ ಇರಲಿಲ್ಲ. ಕಿಲ್ಲೇದಾರರ ಸಂಗತಿಯೂ ಇಷ್ಟೇ. ಅತ್ತಾರ, ಬಾಗವಾನ, ತಾಂಬೋಳಿ, ಮಣಿಯಾರ ಎಂಬ ಹೆಸರುಗಳು ಪೇಟೆ ಇದ್ದಲ್ಲಿ ಸಿಗುತ್ತವೆ. ಅತ್ತರು, ಹಣ್ಣು, ಎಲೆ, ಬಳೆ ಮಾರಲು ಪೇಟೆ ಬೇಕು. ಹತ್ತಿ ಹಿಂಜುವ ನದಾಫ, ಪಿಂಜಾರರು ಹಳ್ಳಿಗಳಲ್ಲೂ ಇದ್ದಾರೆ. ಹತ್ತಿ ಬೆಳೆಯುವ ಕರಿನೆಲ ಇದು.

ಇನ್ನೂ ವಿರಳವಾದವು ಒಂದು ಮನೆಯ ಗುರುತಿನಿಂದ ಹುಟ್ಟಿದವು. ಅಂಗಳದಲ್ಲಿ ಹುಣಸೆಮರವಿದ್ದವರು ಹುಣಸಿಗಿಡದ, ಬೇವಿದ್ದವರು ಬೇವಿನಗಿಡದ, ಊರ ಕಟ್ಟೆಯ ಬಳಿ ಇದ್ದವರು ಕಟ್ಟಿಮನಿ. ಜರ್ಮನಿಯ ಲಿಂಡ್ನರ್ ಎಂಬ ಹೆಸರೂ ಲಿಂಡೆ ಮರದ ಬಳಿ ಇದ್ದವರಿಗೆ ಬಂದದ್ದು. ಮರ ಹೋಗಿರಬಹುದು, ಮನೆ ಬಿದ್ದಿರಬಹುದು, ಗುರುತು ನಿಂತಿದೆ.

ವಿರಳ ಹೆಸರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ 1874ರಲ್ಲಿ ಇದನ್ನು ಗಣಿತದಲ್ಲಿ ಬಿಡಿಸಲು ಕೂತರು. ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಸಾಗುತ್ತದೆ. ಒಂದು ತಲೆಮಾರಿನಲ್ಲಿ ಬರೀ ಹೆಣ್ಣುಮಕ್ಕಳಾದರೆ ಆ ಕವಲು ನಿಂತಿತು. ನೂರು ಕವಲುಗಳಿರುವ ಬಿರಾದಾರರಿಗೆ ಒಂದು ಕವಲು ನಿಂತರೂ ಏನೂ ಆಗುವುದಿಲ್ಲ. ಇರುವುದೇ ಎರಡು ಮನೆ ಎಂದಾದರೆ ಹೆಸರೇ ಮುಗಿಯುತ್ತದೆ. ಯುದ್ಧ, ರೋಗ ಯಾವುದೂ ಬೇಡ, ಹುಟ್ಟಿನ ಆಕಸ್ಮಿಕವೇ ಸಾಕು. ವತನದ ಕಾಲದಲ್ಲಿ ದತ್ತಕ ಇದಕ್ಕೆ ತಡೆಯಾಗಿತ್ತು. ಈಗ ಅದೂ ಇಲ್ಲ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗುವ ರೂಢಿಯಿಂದ ತವರಿನ ಎಷ್ಟೋ ಹೆಸರುಗಳು ಈ ಸೀಮೆಯಲ್ಲಿ ಸದ್ದಿಲ್ಲದೆ ಮುಗಿದಿವೆ. ಅವನ್ನು ಯಾರೂ ಎಣಿಸಿಟ್ಟಿಲ್ಲ, ಇದು ನಿಜವಾದ ನಷ್ಟ.

ಬೇಕೆಂದೇ ಬಿಟ್ಟ ಹೆಸರುಗಳೂ ಇವೆ. ಅಡ್ಡಹೆಸರು ಊರನ್ನು ಹೇಳಿದಷ್ಟೇ ಸಲೀಸಾಗಿ ಜಾತಿಯನ್ನೂ ಹೇಳುತ್ತದೆ. ಶಾಲೆಗೆ ಸೇರಿಸುವ ದಿನ ಮಾಸ್ತರರು ದಲಿತ ಮಕ್ಕಳ ಹೆಸರಿನ ಹಿಂದೆ ಜಾತಿಯನ್ನೇ ಅಡ್ಡಹೆಸರಾಗಿ ಬರೆದದ್ದುಂಟು. ಹರಿಜನ ಎಂಬುದೂ ಹಾಗೆ ಎಷ್ಟೋ ಮನೆಗಳ ಅಡ್ಡಹೆಸರಾಯಿತು. ಮುಂದಿನ ತಲೆಮಾರು ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅದನ್ನು ತೆಗೆಸಿ ಊರ ಹೆಸರನ್ನೋ ಅಜ್ಜನ ಹೆಸರನ್ನೋ ಹಾಕಿಕೊಂಡಿತು. ಇಂಥ ಹೆಸರು ಅಳಿದರೆ ದುಃಖಪಡುವ ಕಾರಣವಿಲ್ಲ. ಬೇರೆಯವರು ಹೇರಿದ್ದನ್ನು ಇಳಿಸುವುದು ಹೊತ್ತವರ ಹಕ್ಕು.

ನೀರಿನ ಕೆಳಗಿನ ಊರು

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಕೃಷ್ಣೆಯ ದಂಡೆಯ ಊರುಗಳು ಒಂದೊಂದಾಗಿ ಮುಳುಗಿದವು. ಮೊಸರಿಗೆ ಹೆಸರಾದ ಬಾಗೇವಾಡಿ ಸೀಮೆಯ ಕೊಲ್ಹಾರವೂ ಎದ್ದು ಹೊಸ ಜಾಗದಲ್ಲಿ ನೆಲೆಸಿತು. ಹಳೆಯ ಊರು ನೀರಿನಡಿಗೆ ಹೋಯಿತು.

ಅದಕ್ಕೂ ಎಷ್ಟೋ ಮೊದಲು ಆ ದಂಡೆ ಬಿಟ್ಟು ಹೋದವರು ಊರ ಹೆಸರನ್ನು ಅಡ್ಡಹೆಸರಾಗಿ ಒಯ್ದಿದ್ದರು. ಪುನರ್ವಸತಿ ಕೇಂದ್ರದ ಫಲಕಕ್ಕೆ ಊರ ಹೆಸರು ಬಂತು. ಹಳೆಯ ಅಗಸಿ, ಓಣಿ, ಘಾಟಿನ ಕಾಲದ ಹೆಸರು ಉಳಿದದ್ದು ಈ ಮನೆತನಗಳಲ್ಲಿ. ಅಡ್ಡಹೆಸರುಗಳನ್ನು ತಾಲ್ಲೂಕುವಾರು ಪಟ್ಟಿಮಾಡಿ ನಕ್ಷೆಯ ಮೇಲೆ ಇಟ್ಟರೆ ಹಳೆಯ ವಲಸೆಯ ದಾರಿಗಳು ತಾವಾಗಿ ಕಾಣುತ್ತವೆ. ಜರ್ಮನಿಯಲ್ಲಿ ವಿದ್ವಾಂಸರು ಮನೆತನದ ಹೆಸರುಗಳ ಬಹುಸಂಪುಟ ಭೂಪಟವನ್ನೇ ಹೊರತಂದಿದ್ದಾರೆ. ವಿಜಯಪುರ ಜಿಲ್ಲೆಗೆ ಅಂಥದ್ದು ಬೇಕು. ಅದಕ್ಕೆ ಬೇಕಾದ ಸಾಮಗ್ರಿ ಮತದಾರರ ಪಟ್ಟಿಯಲ್ಲೇ ಬಿದ್ದಿದೆ.

ಬಾಕ್ಸ್ | ಮೂಲ ಹುಡುಕುವವರಿಗೆ
ಹಳೆಯ ಉತಾರ ಮತ್ತು ವತನದ ಕಾಗದಗಳು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಸಿಗಬಹುದು. ಪೇಶ್ವೆ ಕಾಲದವು ಮೋಡಿ ಲಿಪಿಯಲ್ಲಿರುತ್ತವೆ, ಓದಿಸಲು ಬಲ್ಲವರು ಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜನ ಕಾಲದ ಅಡ್ಡಹೆಸರು ಬೇರೆಯೇ ಇದ್ದರೆ ಆಶ್ಚರ್ಯವಿಲ್ಲ. ಮನೆದೇವರ ಊರು ಯಾವುದೆಂದು ನೋಡುವುದೂ ಒಳ್ಳೆಯ ಸುಳಿವು. ಊರು ಬಿಟ್ಟವರೂ ಮನೆದೇವರನ್ನು ಸಾಮಾನ್ಯವಾಗಿ ಬಿಡುವುದಿಲ್ಲ.

ಕಾಗದಕ್ಕಿಂತ ಹಿಂದಿನ ದಾರಿಯೊಂದು ಇನ್ನೂ ತೆರೆದಿದೆ. ಅದು ಹೆಳವರದು. ಸುಗ್ಗಿಯ ನಂತರ ಎತ್ತಿನೊಂದಿಗೆ ಊರೂರಿಗೆ ಬರುವ ಹೆಳವರು ತಮಗೆ ಹಂಚಿಕೆಯಾದ ಮನೆತನಗಳ ವಂಶಾವಳಿಯನ್ನು ಬಾಗಿಲ ಮುಂದೆ ನಿಂತು ಹೇಳುತ್ತಾರೆ. ಮೂಲಪುರುಷ ಯಾರು, ಯಾವ ಊರಿಂದ ಬಂದ, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು ಎಂಬುದೆಲ್ಲ ಅವರ ಹಾಡಿನಂಥ ಮಾತಿನಲ್ಲಿ ಬರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಕೆಲವು ಹೆಳವ ಮನೆತನಗಳಲ್ಲಿ ತಾಮ್ರಪಟಗಳೂ ಹಳೆಯ ಪುಸ್ತಕಗಳೂ ಇವೆ.

ಅಡ್ಡಹೆಸರು ಬೀಳುವ ಮೊದಲಿನ ಕತೆ, ಅಂದರೆ ಯಾವ ಹೆಸರು ಯಾವ ಅಜ್ಜನ ಕಾಲಕ್ಕೆ ಬಂತು ಎಂಬುದು ಇವರ ಬಳಿ ಮಾತ್ರ ಇರುವುದುಂಟು. ಹೆಳವರ ಮಕ್ಕಳು ಈಗ ಶಾಲೆ ಕಲಿತು ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ, ಹೋಗಲೇಬೇಕು. ಅವರ ಪುಸ್ತಕಗಳನ್ನು ಅವರ ಒಪ್ಪಿಗೆಯಿಂದ, ಅವರಿಗೆ ಸಲ್ಲಬೇಕಾದ ಗೌರವಧನ ಕೊಟ್ಟು ನಕಲು ತೆಗೆದಿಡುವ ಕೆಲಸ ಈ ತಲೆಮಾರಿನಲ್ಲೇ ಆಗಬೇಕಾಗಿದೆ. ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ ವಿಭಾಗಗಳಿವೆ, ಅಲ್ಲಿ ಕಲಿಯುವ ಮಕ್ಕಳ ಮನೆಗಳಿಗೆ ಹೆಳವರು ಬರುತ್ತಾರೆ.